ಎಡಗೈಯಲ್ಲಿ ಕಟ್ಟಿದ ಗೋಪುರ

ನಮ್ಮ ಪಕ್ಕದ ಮನೆಯ ಹುಡುಗಿ ಕಳೆದ ತಿಂಗಳು ಆಫೀಸಿನವರ ಜೊತೆ ಯಲಹಂಕದ ಆಚೆ ಯಾವುದೋ ರೆಸಾರ್ಟಿಗೆ ಹೋಗಿದ್ದಳು. ಹೋಗುವಾಗ ಕುಣಿದುಕೊಂಡು ಹೋದವಳು ಬರುವಾಗ ಕುಂಟಿಕೊಂಡು ಬಂದಳು. ಏನಾಯಿತೇ ಎಂದು ಕೇಳಿದರೆ, "ಟೀಮ್ ಬಿಲ್ಡಿಂಗ್ ಆಂಟಿ. ಮೂರು ಕಾಲಿನ ಓಟ. ನಮ್ ಮ್ಯಾನೇಜರ್ ಕಾಲಿಗೆ ನನ್ ಕಾಲು ಕಟ್ಬಿಟ್ರು," ಎಂದಳು. ಅವಳೂ ನನ್ನ ಕಸುಬಿನವಳೇ. ಈಗ ಅದಕ್ಕೆ ಎಚ್.ಆರ್. ಎನ್ನುತ್ತಾರೆ, ನಮ್ಮ ಕಾಲದಲ್ಲಿ ಪರ್ಸನಲ್ ಡಿಪಾರ್ಟ್‌ಮೆಂಟ್ ಎನ್ನುತ್ತಿದ್ದರು. ಕಾಲಿಗೆ ನೋವಿನೆಣ್ಣೆ ಹಚ್ಚಿಕೊಳ್ಳುತ್ತಾ, "ಪಾಪ, ನಿಮ್ ಕಾಲ್ದಲ್ಲಿ ಇದೆಲ್ಲಾ ಇರ್ಲಿಲ್ಲ ಅಲ್ವಾ?" ಎಂದು ಕನಿಕರದಿಂದ ಕೇಳಿದಳು.

ಇತ್ತು ಕಣಮ್ಮಾ. ರೆಸಾರ್ಟ್ ಇರಲಿಲ್ಲ, ಟೀ ಶರ್ಟ್ ಇರಲಿಲ್ಲ, ಆದರೆ ದೊಡ್ಡವರ ಕಣ್ಣಿಗೆ ಬಟ್ಟೆ ಕಟ್ಟಿ ಆಟ ಆಡಿಸಿ ಸಂಬಳ ತೆಗೆದುಕೊಳ್ಳುವ ಕೆಲಸ ಆಗಲೂ ಇತ್ತು. ನಾನೇ ಮಾಡಿದ್ದೇನೆ. ಅವಳಿಗೆ ಬಾಯಲ್ಲಿ ಹೇಳಲು ಹೋದೆ, ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನಗಳ ವಿಷಯ ಇದರಲ್ಲಿಲ್ಲ. ಹೇಳಿಕೊಳ್ಳುವಷ್ಟು ಇರಲಿಲ್ಲ ಎನ್ನುವುದೂ ಅದಕ್ಕೊಂದು ಕಾರಣ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆಯ ಬದಿಗೆ ಒಂದು ಕಾರ್ಖಾನೆ. ಫ್ಯಾನು, ಮೋಟಾರುಗಳ ಹೊಟ್ಟೆಯೊಳಗೆ ಕೂರುವ ತಗಡಿನ ಬಿಲ್ಲೆಗಳನ್ನು ಅಲ್ಲಿ ದೊಡ್ಡ ದೊಡ್ಡ ಪ್ರೆಸ್ಸುಗಳಲ್ಲಿ ಕತ್ತರಿಸುತ್ತಿದ್ದರು. ಅಷ್ಟೊಂದು ಜನ ದುಡಿಯುವ ಕಡೆ ಒಬ್ಬ ವೆಲ್‌ಫೇರ್ ಆಫೀಸರ್ ಇರಲೇಬೇಕೆಂದು ಕಾನೂನು ಹೇಳಿತ್ತು, ಅದಕ್ಕೆ ನನ್ನನ್ನು ತೆಗೆದುಕೊಂಡರು. ಬರುವವಳು ಹೆಂಗಸಾದರೆ ಅವಳಿಗೊಂದು ಶೌಚಾಲಯ ಬೇಕಾಗುತ್ತದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮೊದಲ ಕೆಲವು ತಿಂಗಳು ಕಾರ್ಮಿಕರ ಕಲ್ಯಾಣಾಧಿಕಾರಿಯಾದ ನಾನು ರಸ್ತೆ ದಾಟಿ, ಎದುರಿನ ಪೆಟ್ರೋಲ್ ಬಂಕಿನವರ ಮನೆಯ ಕದ ತಟ್ಟಬೇಕಾಗಿತ್ತು.

ಜನರಲ್ ಮ್ಯಾನೇಜರ್ ವರದರಾಜನ್ ಸಾಹೇಬರು ಮೊದಲ ದಿನವೇ ಕರೆದು ಉಪದೇಶ ಮಾಡಿದರು. ಒಳ್ಳೆಯ ಮನುಷ್ಯ, ಗಟ್ಟಿ ಧ್ವನಿ, ತಮಿಳು ಲೇಪದ ಕನ್ನಡ. "ನೋಡೀಮ್ಮಾ, ನಿಮ್ ವರ್ಕ್ ವೆರಿ ಸಿಂಪಲ್. ಊಟ, ಆಟ, ಯೂನಿಫಾರಂ. ಮೆಷಿನ್ ಕಡೆ ಮಾತ್ರ ಹೋಗ್ಬೇಡಿ," ಎಂದರು.

ಮೆಷಿನ್ ಕಡೆ ನಾನು ಹೋಗಲಿಲ್ಲ, ಮೆಷಿನ್ನೇ ನನ್ನ ಕಡೆ ಬಂತು. ಸೇರಿದ ಮೊದಲ ವರ್ಷದಲ್ಲೇ ಪಿಳ್ಳಪ್ಪ ಎಂಬ ಆಪರೇಟರನ ಬಲಗೈ ಪ್ರೆಸ್ಸಿಗೆ ಸಿಕ್ಕಿತು. ಆಗ ಪ್ರೆಸ್ಸುಗಳಿಗೆ ಕಾಲಿನ ಪೆಡಲು ಇತ್ತು. ಕೈ ಒಳಗಿರುವಾಗಲೇ ಕಾಲು ಅಭ್ಯಾಸಬಲದಿಂದ ತುಳಿದುಬಿಟ್ಟಿತ್ತು. ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವನ ಪಕ್ಕದಲ್ಲಿ ಕೂತವಳು ನಾನು. ಎಣ್ಣೆ ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ, "ಏನೂ ಆಗಲ್ಲಪ್ಪ, ಏನೂ ಆಗಲ್ಲ," ಎಂದು ಹೇಳುತ್ತಿದ್ದೆ. ಆಗುವುದೆಲ್ಲಾ ಆಗಿಹೋಗಿತ್ತು.

ಆಮೇಲೆ ಪಿಳ್ಳಪ್ಪನನ್ನು ಗೇಟಿನ ವಾಚ್‌ಮನ್ ಮಾಡಿದರು, ಪ್ರೆಸ್ಸುಗಳ ಪೆಡಲು ಕಿತ್ತು ಎರಡು ಗುಂಡಿಗಳನ್ನು ಹಾಕಿದರು. ಒಂದು ಎಡಗಡೆ, ಒಂದು ಬಲಗಡೆ, ನಡುವೆ ಎರಡು ಮೊಳದಷ್ಟು ಅಂತರ. ಎರಡು ಕೈಯಲ್ಲಿ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ತಗಡು ಕತ್ತರಿಸುವ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಹಾಗಾಗಿ ಅಚ್ಚು ಇಳಿಯುವಾಗ ಎರಡು ಕೈಯೂ ಹೊರಗೇ ಇರುತ್ತವೆ. ಈ ಎರಡು ಗುಂಡಿಗಳನ್ನು ನೆನಪಿಟ್ಟುಕೊಳ್ಳಿ. ನನ್ನ ಕತೆ ಇರುವುದೇ ಅವುಗಳಲ್ಲಿ.

ಪಿಳ್ಳಪ್ಪ ಪ್ರತಿದಿನ ಬೆಳಿಗ್ಗೆ ನನಗೆ ಆ ಬಲಗೈಯಲ್ಲೇ ಸೆಲ್ಯೂಟ್ ಹೊಡೆಯುತ್ತಿದ್ದ. ಉಳಿದಿದ್ದ ಎರಡು ಬೆರಳಿನ ಸೆಲ್ಯೂಟ್. ಬೇಡ ಎಂದರೂ ಬಿಡುತ್ತಿರಲಿಲ್ಲ. ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ಅದೇ.

ಊಟ, ಯೂನಿಫಾರಂ ಹೇಗೋ ಸಾಗುತ್ತಿದ್ದವು. ಎಡವಟ್ಟಾದದ್ದು ಆಟದಲ್ಲಿ. ಪ್ರೆಸ್ ಶಾಪಿನವರಿಗೂ ಅಸೆಂಬ್ಲಿಯವರಿಗೂ ಅಷ್ಟಕ್ಕಷ್ಟೇ ಎಂದು ತಿಳಿದು, ಅವರನ್ನು ಹತ್ತಿರ ತರೋಣ ಎಂದು ಕಾರ್ಖಾನೆಯ ಸ್ಪೋರ್ಟ್ಸ್ ಡೇಯಲ್ಲಿ ಎರಡೂ ಕಡೆಯವರಿಗೆ ಹಗ್ಗಜಗ್ಗಾಟ ಇಟ್ಟೆ. ಹತ್ತಿರ ತರಬೇಕೆಂದವಳು ಎರಡು ಕಡೆಯಿಂದ ಹಗ್ಗ ಎಳೆಸಿದೆ. ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಪ್ರೆಸ್ ಶಾಪಿನವರು ಸೋತರು. ನೆಲ ಇಳಿಜಾರಿತ್ತು, ಹಗ್ಗಕ್ಕೆ ಗ್ರೀಸ್ ಸವರಿದ್ದರು ಎಂದು ಗಲಾಟೆಯಾಯಿತು. ಮಾರನೆಯ ವಾರದಿಂದ ಅವರು ಬಿಲ್ಲೆಗಳ ತೊಟ್ಟಿಯನ್ನು ಅಸೆಂಬ್ಲಿಗೆ ಒಯ್ಯದೆ, ನೆಲದ ಮೇಲೆ ಹಳದಿ ಗೆರೆ ಎಲ್ಲಿದೆಯೋ ಅಲ್ಲಿ ಇಟ್ಟು ಹೋಗತೊಡಗಿದರು. ಅಸೆಂಬ್ಲಿಯವರು ಗೆರೆ ದಾಟಿ ತೆಗೆದುಕೊಳ್ಳಲು ಒಪ್ಪಲಿಲ್ಲ. ತೊಟ್ಟಿಗಳು ಗೆರೆಯ ಮೇಲೆ ಅನಾಥವಾಗಿ ಬಿದ್ದಿರುತ್ತಿದ್ದವು. ಒಗ್ಗಟ್ಟೇನೋ ಬಂದಿತ್ತು, ಆದರೆ ಒಂದರ ಬದಲು ಎರಡು ಬಂದಿದ್ದವು. ಆಯುಧಪೂಜೆಯ ದಿನ ಪುರಿ, ಸಿಹಿ ಹಂಚುವ ನೆಪದಲ್ಲಿ ನಾನೇ ಗೆರೆಯ ಆಚೀಚೆ ಓಡಾಡಿ ಅದನ್ನು ಸರಿಮಾಡಬೇಕಾಯಿತು.

ನಿಜವಾದ ಆಟ ನಡೆಯುತ್ತಿದ್ದದ್ದು ನನ್ನ ಅಪ್ಪಣೆ ಇಲ್ಲದೆ, ಊಟದ ಬಿಡುವಿನಲ್ಲಿ, ಕ್ಯಾಂಟೀನಿನ ಮೂಲೆಯ ಕ್ಯಾರಂ ಬೋರ್ಡಿನ ಸುತ್ತ. ಅಲ್ಲಿ ಸೋಲಿಲ್ಲದ ಜೋಡಿ ಒಂದಿತ್ತು. ಒಬ್ಬರು ಪ್ರೆಸ್ ಶಾಪಿನ ಫೋರ್‌ಮನ್ ಗೌಸ್ ಸಾಹೇಬರು, ಯಶವಂತಪುರದವರು, ಬಿಳಿಗಡ್ಡ, ಕರ್ಕಶ ಬಾಯಿ. ಇನ್ನೊಬ್ಬ ಅವರ ಕೈಕೆಳಗಿನ ಆಪರೇಟರ್ ಮುನಿರಾಜು, ಚಿಕ್ಕಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದವನು. ಮುನಿರಾಜು ಎಡಚ. ಶಾಲೆಯಲ್ಲಿ ಮೇಷ್ಟರು, ಮನೆಯಲ್ಲಿ ಅಪ್ಪ, ಇಬ್ಬರೂ ಆ ಎಡಗೈಗೆ ಹೊಡೆದು ಹೊಡೆದು ಬಲಗೈಯಲ್ಲಿ ಬರೆಯುವುದನ್ನೂ ಉಣ್ಣುವುದನ್ನೂ ಕಲಿಸಿದ್ದರು. ಸ್ಟ್ರೈಕರ್ ಮಾತ್ರ ಎಡಗೈಯಲ್ಲೇ ಉಳಿದಿತ್ತು. ಜೋಡಿ ಆಟದಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ. ಗೌಸ್ ಸಾಹೇಬರು ಒಂದು ಸಲ ಮುನಿರಾಜುವಿನ ಮುಖ ನೋಡುತ್ತಿದ್ದರು, ಅಷ್ಟೇ. ಯಾವ ಕಾಯಿ, ಯಾವ ಮೂಲೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಎಂಬತ್ತರ ದಶಕ ಬಂತು. ವರದರಾಜನ್ ಸಾಹೇಬರು ಬೊಂಬಾಯಿಯ ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ಶಿಬಿರಕ್ಕೆ ಹೋಗಿ, ಬೇರೆಯೇ ಮನುಷ್ಯರಾಗಿ ಹಿಂತಿರುಗಿದರು. ಅಲ್ಲಿಯವರೆಗೆ ಕೆಲಸ ಕೆಟ್ಟರೆ ಬೈಯುತ್ತಿದ್ದರು. ಆಮೇಲೆ, "ಕಮ್ಯುನಿಕೇಷನ್ ಪ್ರಾಬ್ಲಮ್," ಎನ್ನತೊಡಗಿದರು. ಸಾಂಬಾರಿಗೆ ಉಪ್ಪು ಹೆಚ್ಚಾದರೂ ಕಮ್ಯುನಿಕೇಷನ್ ಪ್ರಾಬ್ಲಮ್ಮೇ. ನನ್ನನ್ನು ಕರೆದು ಒಂದು ದಪ್ಪ ಪುಸ್ತಕ ಕೊಟ್ಟು, "ಇನ್ಮೇಲೆ ಗ್ರೂಪ್ ಗೇಮ್ಸ್. ಪ್ರತಿ ಶನಿವಾರ. ನೀವೇ ಟ್ರೈನಿಂಗ್ ಇನ್‌ಚಾರ್ಜ್," ಎಂದರು.

ಮೊದಲ ಶನಿವಾರ ಅಧಿಕಾರಿಗಳನ್ನೆಲ್ಲ ವೃತ್ತಾಕಾರವಾಗಿ ಕೂರಿಸಿದೆ. ಒಬ್ಬರ ಕಿವಿಯಲ್ಲಿ ಹೇಳಿದ ಸುದ್ದಿ ಕಿವಿಯಿಂದ ಕಿವಿಗೆ ಸಾಗಿ ಕೊನೆಯವರನ್ನು ಮುಟ್ಟಬೇಕು. ಸುದ್ದಿ ಅಕೌಂಟ್ಸ್ ಅಧಿಕಾರಿಯ ತನಕ ಚೆನ್ನಾಗಿಯೇ ಬಂತು, ಅಲ್ಲಿ ನಿಂತಿತು. "ರೈಟಿಂಗ್‌ನಲ್ಲಿ ಇಲ್ದೆ ನಾನು ಮುಂದಕ್ಕೆ ಕಳ್ಸಲ್ಲ," ಎಂದು ಅವರು ಕೈಕಟ್ಟಿ ಕೂತರು. ಆಟ ಅಲ್ಲಿಗೇ ಮುಗಿಯಿತು. ನಮ್ಮ ಕಾರ್ಖಾನೆಯ ಕಮ್ಯುನಿಕೇಷನ್ ಹೇಗಿದೆ ಎಂದು ತಿಳಿಯುವುದೇ ಆಟದ ಗುರಿಯಾಗಿದ್ದರೆ, ಅದು ಪೂರ್ತಿ ಯಶಸ್ವಿಯಾಯಿತು ಎನ್ನಬೇಕು.

ಎರಡನೆಯ ಶನಿವಾರ ಗೋಪುರದ ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಬೇಕು. ಅವರು ಎಡಗೈಯಿಂದ ಮಾತ್ರ ಮರದ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿರುವವರು "ಸ್ವಲ್ಪ ಬಲಕ್ಕೆ", "ವಾಲುತ್ತಿದೆ", "ನಿಧಾನ" ಎಂದು ದಾರಿ ಹೇಳಬೇಕೇ ಹೊರತು ಕೈ ಹಾಕಬಾರದು. ಪಕ್ಕದವರು ನಿಜ ಹೇಳಿದರೆ ಕಣ್ಣು ಕಟ್ಟಿದವರೂ ಎತ್ತರದ ಗೋಪುರ ಕಟ್ಟಬಹುದು ಎನ್ನುವುದು ಪಾಠ. ನಮ್ಮ ಬಡಗಿಯ ಕೈಯಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಮೆತ್ತನೆ ಮರದಿಂದ ಬೆಂಕಿಪೊಟ್ಟಣದ ಗಾತ್ರದ ಬ್ಲಾಕುಗಳನ್ನು ಮಾಡಿಸಿ, ಹಳದಿ ಬಣ್ಣ ಬಳಿಸಿದ್ದೆ.

ಪ್ರೊಡಕ್ಷನ್ ಮ್ಯಾನೇಜರ್ ಶಾಮರಾಯರಿಗೆ ನಿಯಮವೇ ಹಿಡಿಸಲಿಲ್ಲ. "ಎಡಗೈಲಿ ಹೆಂಗ್ರೀ ಮೇಡಂ ಮುಟ್ಟೋದು? ಅದೂ ಸಾಹೇಬ್ರ ಮುಂದೆ?" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಸಾಹೇಬರೇ, "ಐ ವಿಲ್ ಸ್ಟಾರ್ಟ್," ಎಂದು ಮುಂದೆ ಬಂದು ಕೂತರು. ಕ್ಯಾಂಟೀನಿನ ಒಗೆದ ಬಟ್ಟೆಯಿಂದ ಅವರ ಕಣ್ಣು ಕಟ್ಟಿದೆ.

ನಾಲ್ಕು ಬ್ಲಾಕು ನೆಟ್ಟಗೆ ಕೂತವು. ಐದನೆಯದು ವಾಲಿತು. "ಹೆಂಗಿದೆ?" ಎಂದರು ಸಾಹೇಬರು. "ಫಸ್ಟ್ ಕ್ಲಾಸ್ ಸಾರ್!" ಎಂದು ಸುತ್ತಲಿನವರು ಒಂದೇ ದನಿಯಲ್ಲಿ ಹೇಳಿದರು. ಆರನೆಯದು ಇನ್ನೂ ವಾಲಿತು. ಶಾಮರಾಯರು ಸದ್ದಿಲ್ಲದೆ ಬಾಗಿ, ಗೋಪುರ ಬೀಳದ ಹಾಗೆ ಪಕ್ಕದಿಂದ ಅಂಗೈ ಆನಿಸಿ ನಿಂತರು. ಎಂಟನೆಯದಕ್ಕೆ ಈ ಕಡೆಯಿಂದ ಸ್ಟೋರ್ಸ್ ಅಧಿಕಾರಿಯ ಅಂಗೈಯೂ ಬಂತು. ಸಾಹೇಬರು ಇಟ್ಟೇ ಇಟ್ಟರು, ಇವರು ಹಿಡಿದೇ ಹಿಡಿದರು. ಕೊನೆಗೆ ಸಾಹೇಬರು ಗೆದ್ದ ಖುಷಿಯಲ್ಲಿ ಬಟ್ಟೆ ಬಿಚ್ಚಿದಾಗ ಎರಡೂ ಅಂಗೈಗಳು ಬೆನ್ನ ಹಿಂದೆ ಹೋದವು. ಗೋಪುರ ಒಂದು ಕ್ಷಣ ಯೋಚಿಸಿ, ಪೂರಾ ಕುಸಿಯಿತು.

"ವಾಟ್ ಹ್ಯಾಪನ್ಡ್?"

"ಫ್ಯಾನ್ ಗಾಳಿ ಸಾರ್," ಎಂದರು ಶಾಮರಾಯರು.

ಅಂದಿನಿಂದ ಆಟದ ಹೊತ್ತಿನಲ್ಲಿ ಫ್ಯಾನ್ ಹಾಕಬಾರದೆಂದು ಆಜ್ಞೆಯಾಯಿತು. ನಾವೆಲ್ಲ ಬೆವರು ಸುರಿಸುತ್ತಾ ಕಮ್ಯುನಿಕೇಷನ್ ಕಲಿತೆವು. ನನಗಂತೂ ನಗು ತಡೆಯಲಾಗಲಿಲ್ಲ, ಮನೆಗೆ ಹೋಗುವಾಗ ಆರ್.ಟಿ. ನಗರದಲ್ಲಿ ಬಸ್ಸಿಳಿಯುವ ತನಕ ನಕ್ಕೆ. ಸಾಹೇಬರ ಕಣ್ಣಿಗೆ ನಾನು ಬಟ್ಟೆ ಕಟ್ಟಿದ್ದು ಆವತ್ತೊಂದು ದಿನ, ಉಳಿದ ದಿನಗಳಲ್ಲಿ ಅದನ್ನು ಕಟ್ಟುವವರು ಬೇರೆ ಇದ್ದರು ಎಂದು ಹೊಳೆದದ್ದು ಮಾತ್ರ ಸ್ವಲ್ಪ ತಡವಾಗಿ.

ಕೆಲಸಗಾರರಿಗೆ ಅದೇ ಆಟ ಆಡಿಸಿದಾಗ ಬೇರೆಯೇ ಆಯಿತು. ಮುನಿರಾಜುವಿನ ಕಣ್ಣು ಕಟ್ಟಿದೆ, ದಾರಿ ಹೇಳಲು ಗೌಸ್ ಸಾಹೇಬರು. ಕ್ಯಾರಂ ಬೋರ್ಡಿನ ಮೌನವೆಲ್ಲ ಅಲ್ಲಿ ಹರಿದುಹೋಯಿತು.

"ಅರೇ, ವಾಲ್ತಾ ಇದೆ! ಎತ್ತು, ಎತ್ತು! ಕಣ್ಣು ಕಾಣಲ್ವಾ ನಿಂಗೆ?"

"ಕಣ್ ಕಟ್ಟವ್ರಲ್ಲ ಸಾಬ್ರೇ!"

"ಹಂಗಾದ್ರೆ ನನ್ ಮಾತು ಕೇಳು. ಬಲಕ್ಕೆ. ಇನ್ನೂ. ಬಸ್, ಬಿಡು."

ಅವರ ಗೋಪುರ ಮೇಜಿನ ಮೇಲೆ ಎಲ್ಲರಿಗಿಂತ ಎತ್ತರಕ್ಕೆ ನಿಂತಿತು, ಯಾರೂ ಕೈ ಆನಿಸದೆ. ಬಟ್ಟೆ ಬಿಚ್ಚಿದ ಮೇಲೆ ಮುನಿರಾಜು ಅದನ್ನು ನೋಡಿ ನಾಚಿಕೊಂಡ. "ಎಡಗೈಲಿ ಮಾಡು ಅಂತ ಬಾಯಿಬಿಟ್ಟು ಏಳ್ದೋರು ನೀವೇ ಮೊದ್ಲು ಅಮ್ಮಾವ್ರೆ," ಎಂದ. ಆ ಮಾತು ನನಗೆ ಬಹಳ ಸಂತೋಷ ಕೊಟ್ಟಿತು. ಪುಸ್ತಕದಲ್ಲಿ ಬರೆದಿದ್ದ ಯಾವ ಪಾಠವೂ ಅಷ್ಟು ಕೊಟ್ಟಿರಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ಪವಾಡ ನಡೆಯಿತು. ಪ್ರೆಸ್ ಶಾಪಿನ ಉತ್ಪಾದನೆ ಏರತೊಡಗಿತು. ಸಾಹೇಬರ ಕೋಣೆಯ ಗೋಡೆಯಲ್ಲಿದ್ದ ಗ್ರಾಫಿನ ಕೆಂಪು ಗೆರೆ ಚಾವಣಿಯ ಕಡೆಗೆ ಹೊರಟಿತು. ಎಲ್ಲರಿಗಿಂತ ಹೆಚ್ಚು ಮಾಲು ಕೊಟ್ಟ ಮುನಿರಾಜುವಿನ ಫೋಟೋ ನೋಟೀಸ್ ಬೋರ್ಡಿಗೆ ಬಂತು. "ದಿಸ್ ಈಸ್ ದಿ ಪವರ್ ಆಫ್ ಗೇಮ್ಸ್," ಎಂದು ಸಾಹೇಬರು ಹೆಡ್ ಆಫೀಸಿಗೆ ಬರೆದರು. ಹೆಬ್ಬಾಳದ ಕಡೆಯ ಇನ್ನೊಂದು ಕಾರ್ಖಾನೆಯವರು ನನ್ನನ್ನು ಉಪನ್ಯಾಸಕ್ಕೆ ಕರೆದರು. ಕಂಪನಿಯ ಕಾರಿನಲ್ಲಿ ಹೋಗಿ, ಆಟದಿಂದ ಮನುಷ್ಯ ಹೇಗೆ ಅರಳುತ್ತಾನೆ ಎಂದು ಬಾಯಿ ನೋಯುವಷ್ಟು ಮಾತಾಡಿ, ಒಂದು ಗಂಧದ ಹಾರ ಹಾಕಿಸಿಕೊಂಡು ಬಂದೆ. ಹಾರ ಈಗಲೂ ಇದೆ, ಗಂಧ ಹೋಗಿದೆ.

ಇದೇ ಹೊತ್ತಿನಲ್ಲಿ ನನ್ನ ಬ್ಲಾಕುಗಳು ಕಾಣೆಯಾಗತೊಡಗಿದವು. ಡಬ್ಬಿ ತೆರೆದಾಗಲೆಲ್ಲ ಒಂದೆರಡು ಕಡಿಮೆ. ಮಕ್ಕಳ ಆಟಕ್ಕೆ ಒಯ್ಯುತ್ತಿದ್ದಾರೇನೋ ಎಂದುಕೊಂಡೆ. ಒಂದು ದಿನ ಕೇಳಿಯೇ ಬಿಡೋಣವೆಂದು, ಹೋಗಬೇಡಿ ಎಂದಿದ್ದ ಮೆಷಿನ್ ಕಡೆ ಹೋದೆ.

ಮುನಿರಾಜುವಿನ ಪ್ರೆಸ್ಸು ಎಡೆಬಿಡದೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಅವನು ಬಲಗೈಯಿಂದ ಬಲಗಡೆಯ ಗುಂಡಿ ಒತ್ತುತ್ತಿದ್ದ. ಎಡಗೈಯಿಂದ ತಗಡನ್ನು ಒಳಗೆ ತಳ್ಳುತ್ತಿದ್ದ. ಹಾಗಾದರೆ ಎಡಗಡೆಯ ಗುಂಡಿಯನ್ನು ಒತ್ತಿರುವವರು ಯಾರು? ನೋಡಿದೆ. ಗುಂಡಿಗೂ ಅದರ ಮೇಲಿನ ತಗಡಿನ ಮುಚ್ಚಳಕ್ಕೂ ನಡುವೆ, ಅಳತೆ ಕೊಟ್ಟು ಮಾಡಿಸಿದ ಹಾಗೆ, ನನ್ನ ಹಳದಿ ಬ್ಲಾಕು ಕೂತಿತ್ತು. ಪಕ್ಕದ ಪ್ರೆಸ್ಸಿನಲ್ಲೂ ಒಂದು. ಅದರ ಪಕ್ಕದಲ್ಲೂ ಒಂದು.

ಅಂದರೆ ಸಾಹೇಬರು ಹೆಡ್ ಆಫೀಸಿಗೆ ಬರೆದದ್ದು ಸುಳ್ಳಲ್ಲ. ಉತ್ಪಾದನೆ ಏರಿದ್ದು ನನ್ನ ಆಟದಿಂದಲೇ.

"ಏನಿದು ಮುನಿರಾಜು?"

ಅವನು ಪ್ರೆಸ್ಸು ನಿಲ್ಲಿಸಿ ನಕ್ಕ. "ನಿಮ್ದೇ ಅಮ್ಮಾವ್ರೆ. ಮೊದ್ಲು ಬಟ್ಟೆ ಸುತ್ತಿ ಸಿಗಿಸ್ತಿದ್ವಿ, ಜಾರ್ತಿತ್ತು. ಇದು ಬೋ ಚೆಂದಾಗಿ ನಿಲ್ತದೆ."

"ಕೈ ಒಳಗಿದ್ದಾಗ ಬಿದ್ರೆ?"

"ಇಲ್ಲ ಬುಡಿ. ಕ್ಯಾರಂ ಆಡೋ ಕೈ ಇದು. ಅದುಕ್ಕೆಲ್ಲ ಲೆಕ್ಕ ಗೊತ್ತು."

ಪಿಳ್ಳಪ್ಪನ ಕೈಗೂ ಲೆಕ್ಕ ಗೊತ್ತಿತ್ತು. ಅವನೂ ಒಂದು ಕಾಲಕ್ಕೆ ಒಳ್ಳೆಯ ಆಟಗಾರ.

ಗೌಸ್ ಸಾಹೇಬರನ್ನು ಕೇಳಿದೆ. ಅವರು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ ದಿನದ ಟಾರ್ಗೆಟ್ ಕಡೆ ಗಡ್ಡ ತಿರುಗಿಸಿದರು. "ಅದು ನೋಡಿ ಮೇಡಂ. ಎರಡೂ ಕೈಯಲ್ಲಿ ಗುಂಡಿ ಒತ್ತಿದ್ರೆ ಅಷ್ಟು ಮಾಲು ಬರಲ್ಲ. ಬೆಳಿಗ್ಗೆ ನಾನು ಬ್ಲಾಕ್ ತೆಗೆಸ್ತೀನಿ. ಮಧ್ಯಾಹ್ನ ಶಾಮರಾಯರು ಬಂದು, ಯಾಕ್ರೀ ಗೌಸ್ ಪ್ರೊಡಕ್ಷನ್ ಬಿತ್ತು ಅಂತಾರೆ. ಸಾಯಂಕಾಲಕ್ಕೆ ಮತ್ತೆ ಬರುತ್ತೆ. ಏನ್ ಮಾಡ್ಲಿ?"

ಶಾಮರಾಯರ ಬಳಿ ಹೋದೆ. ಅವರಿಗೆ ಎಲ್ಲವೂ ಗೊತ್ತಿತ್ತು. "ಮುಂದಿನ ವಾರ ಹೆಡ್ ಆಫೀಸ್ ಡೈರೆಕ್ಟರ್ ಬರ್ತಿದ್ದಾರೆ ಮೇಡಂ, ಗ್ರಾಫ್ ನೋಡೋಕೆ. ವಿಸಿಟ್ ಒಂದು ಮುಗೀಲಿ. ಆಮೇಲೆ ನಾನೇ ತೆಗೆಸ್ತೀನಿ," ಎಂದರು. ಅವರ ಅಂಗೈ ಇನ್ನೂ ಗೋಪುರವನ್ನು ಹಿಡಿದೇ ಇತ್ತು.

ಉಳಿದವರು ಸಾಹೇಬರು. ಕೋಣೆಗೆ ಹೋದೆ. ಎದುರಿಗೆ ಕೆಂಪು ಗೆರೆ, ಅದರ ಕೆಳಗೆ ಅವರ ನಗುಮುಖ. ನನ್ನ ನಾಲಿಗೆಯೂ ಎಲ್ಲರ ನಾಲಿಗೆಯಂತೆಯೇ ಮೆತ್ತಗಾಯಿತು. "ಸಾರ್, ನಮ್ ಗೇಮ್ಸಿನ ಬ್ಲಾಕುಗಳನ್ನ ಪ್ರೆಸ್ ಶಾಪಲ್ಲಿ ಉಪಯೋಗಿಸ್ತಿದ್ದಾರೆ..." ಎಂದು ಶುರುಮಾಡಿದೆ.

"ವಂಡರ್‌ಫುಲ್!" ಎಂದರು ಅವರು. "ಶಾಪ್ ಫ್ಲೋರಲ್ಲೂ ಪ್ರಾಕ್ಟೀಸ್ ಮಾಡ್ತಾರಾ? ಇನ್ನೂ ಮಾಡಿಸಿ ಅಮ್ಮಾ. ಎಷ್ಟು ಬೇಕೋ ಅಷ್ಟು."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನೆತ್ತಿ ಬಡಗಿಗೆ ಹೇಳಿಯೂ ಆಯಿತು. ಎರಡು ದಿನದಲ್ಲಿ ಹೊಸ ಬ್ಲಾಕುಗಳು ಬಂದವು. ಅಲ್ಲಿಯವರೆಗೆ ಬ್ಲಾಕಿಲ್ಲದೆ ಬಟ್ಟೆ ಸುತ್ತಿಕೊಂಡಿದ್ದ ಪ್ರೆಸ್ಸುಗಳಿಗೂ ಒಂದೊಂದು ಸಿಕ್ಕಿತು. ಗೆರೆ ಇನ್ನಷ್ಟು ಏರಿತು.

ಡೈರೆಕ್ಟರ್ ಬರುವ ಹಿಂದಿನ ದಿನ ಗೇಟಿನಲ್ಲಿ ಪಿಳ್ಳಪ್ಪ ಸೆಲ್ಯೂಟ್ ಹೊಡೆಯಲಿಲ್ಲ. ಹತ್ತಿರ ಬಂದ. "ಅಮ್ಮಾವ್ರೆ, ಮುನಿ ಅಂಗಿ ತೋಳು ನೋಡಿದ್ರಾ?"

"ಇಲ್ವಲ್ಲ, ಏನಾಯ್ತು?"

"ಪ್ರೆಸ್ಸಿಗೆ ಸಿಕ್ಕಿ ಕತ್ರಿಸ್ಕೊಂಡೋಗದೆ. ಎಲ್ರಿಗೂ ತೋರಿಸ್ಕೊಂಡು ನಗ್ತಾವ್ನೆ." ಎರಡು ಬೆರಳಿನ ಕೈಯನ್ನು ಮುಂದೆ ಮಾಡಿ ಹೇಳಿದ, "ನಂಗೂ ಮೊದ್ಲು ಅಂಗಿ ತೋಳೇ ಓಗಿದ್ದು."

ಜೀಪಿನಲ್ಲಿ ತೊಡೆಯ ಮೇಲಿದ್ದ ಆ ಬಿಸಿ ಗಂಟು ನೆನಪಾಯಿತು.

ಮಾರನೆಯ ದಿನ ಡೈರೆಕ್ಟರ್ ಬಂದರು. ಮೆಲುದನಿಯ, ಹಿರಿಯ ಮನುಷ್ಯ, ಕನ್ನಡ ಬಾರದವರು. ಗ್ರಾಫ್ ನೋಡಿದ ಮೇಲೆ ಆಟವನ್ನೂ ನೋಡಬೇಕೆಂದರು. ಕ್ಯಾಂಟೀನಿನಲ್ಲಿ ಮೇಜು ಸಿದ್ಧವಾಗಿತ್ತು. ಸಾಹೇಬರು ತಾವೇ ಗೋಪುರ ಕಟ್ಟಿ ತೋರಿಸುವುದಾಗಿ ಹೇಳಿ ಕೋಟು ಕಳಚಿದರು. ದಾರಿ ಹೇಳಲು ಒಬ್ಬ ಕಾರ್ಮಿಕನೇ ಇರಲಿ, ಅದೇ ನಿಜವಾದ ಕಮ್ಯುನಿಕೇಷನ್ ಎಂದು ಮುನಿರಾಜುವನ್ನು ಕರೆಸಿದರು. ಅವನು ಬೇರೆ ಅಂಗಿ ಹಾಕಿಕೊಂಡು ಗೌಸ್ ಸಾಹೇಬರ ಜೊತೆ ಬಂದು ನಿಂತ.

ನಾನು ಡಬ್ಬಿ ತೆರೆದು ಮೇಜಿನ ಮೇಲೆ ಬೋರಲು ಹಾಕಿದೆ. ಬಿದ್ದದ್ದು ಮೂರೋ ನಾಲ್ಕೋ ಬ್ಲಾಕು.

"ವೇರ್ ಆರ್ ದಿ ಬ್ಲಾಕ್ಸ್?" ಎಂದರು ಸಾಹೇಬರು.

"ಪ್ರೆಸ್ ಶಾಪಲ್ಲಿವೆ ಸಾರ್. ಪ್ರಾಕ್ಟೀಸ್ ಮಾಡಿಸಿ ಅಂತ ನೀವೇ ಹೇಳಿದ್ರಲ್ಲ."

"ಎಲ್ಲಾ ತರಿಸಿ. ಕ್ವಿಕ್!"

ಶಾಮರಾಯರು ಅಡ್ಡ ಬಂದರು. "ಬೇರೆ ಮಾಡಿಸ್ಬಹುದು ಸಾರ್, ಹತ್ತು ನಿಮಿಷ..." ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಗೌಸ್ ಸಾಹೇಬರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಷ್ಟೇ. ಅವರು ತಾವೇ ಒಂದು ಖಾಲಿ ತೊಟ್ಟಿ ಎತ್ತಿಕೊಂಡು ಹೊರಟರು.

ನಮ್ಮ ಕ್ಯಾಂಟೀನಿನ ಗೋಡೆಯ ಆಚೆಗೇ ಪ್ರೆಸ್ ಶಾಪು. ಊಟದ ತಟ್ಟೆಗಳು ಸದಾ ಅದರ ಸದ್ದಿಗೆ ನಡುಗುತ್ತಿದ್ದವು. ಕಾಯುತ್ತಾ ಕೂತಿದ್ದಾಗ ಆ ಸದ್ದು ಕಡಿಮೆಯಾಗತೊಡಗಿತು. ಒಂದು ಪ್ರೆಸ್ಸು ನಿಧಾನವಾಯಿತು, ಆಮೇಲೆ ಇನ್ನೊಂದು, ಮತ್ತೊಂದು. ಓಡುತ್ತಿದ್ದ ಕಾರ್ಖಾನೆ ನಡೆಯತೊಡಗಿತು. ಡೈರೆಕ್ಟರ್ ತಲೆಯೆತ್ತಿ, ಶಿಫ್ಟ್ ಮುಗಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಷ್ಟರಲ್ಲಿ ಸಾಹೇಬರು ಉತ್ಸಾಹದಿಂದ ತಾವೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಾಗಿತ್ತು. ಗೌಸ್ ಸಾಹೇಬರು ತೊಟ್ಟಿ ತಂದು ಮೇಜಿನ ಮೇಲಿಟ್ಟರು. ಹಳದಿ ಬಣ್ಣ ಎಣ್ಣೆಗೆ ಕಪ್ಪಾಗಿತ್ತು. ಒಂದೊಂದರ ಮೇಲೂ ಗುಂಡಿ ಒತ್ತಿ ಒತ್ತಿ ಬಿದ್ದ ದುಂಡನೆಯ ಕುಳಿ.

ಸಾಹೇಬರು ಎಡಗೈ ಚಾಚಿ ಒಂದನ್ನು ತೆಗೆದುಕೊಂಡರು. ಬೆರಳು ಅದರ ಮೇಲೆ ಆಡಿದವು. "ಏನಿದು? ಎಣ್ಣೆ? ಇದೇನು ಕುಳಿ?"

"ಏನೂ ಇಲ್ಲ ಸಾರ್," ಎಂದರು ಶಾಮರಾಯರು.

"ಫಸ್ಟ್ ಕ್ಲಾಸ್ ಇದೆ ಸಾರ್, ಇಡಿ ಸಾರ್," ಎಂದರು ಸ್ಟೋರ್ಸಿನವರು.

ಸಾಹೇಬರು ಕತ್ತಲಲ್ಲೇ ತಲೆ ತಿರುಗಿಸಿದರು. "ನಿಮ್ಮನ್ ಕೇಳ್ಲಿಲ್ಲ. ದಾರಿ ಹೇಳೋನು ಮುನಿರಾಜು. ಹೇಳಪ್ಪ, ಏನಿದು?"

ಮುನಿರಾಜು ಶಾಮರಾಯರನ್ನು ನೋಡಿದ, ನನ್ನನ್ನು ನೋಡಿದ, ಗೌಸ್ ಸಾಹೇಬರನ್ನು ನೋಡಿದ. ಗುಂಡಿಗೆ ಬ್ಲಾಕು ಸಿಗಿಸಿದ್ದು ತಾನೇ ಎಂದು ಒಪ್ಪಿಕೊಂಡರೆ ಕೆಲಸ ಹೋಗುವ ಮಾತು. ಅದು ಅವನಿಗೂ ಗೊತ್ತು, ನಮಗೂ ಗೊತ್ತು.

"ಗುಂಡಿ ಒತ್ತಿರೋ ಗುರುತು ಸಾರ್," ಎಂದ. "ಪ್ರೆಸ್ಸಿನ್ ಗುಂಡಿಗೆ ಇದ್ನ ಸಿಗಿಸ್ತೀವಿ. ಅಂಗ್ ಮಾಡಿದ್ರೆ ಒಂದ್ ಕೈ ಬಿಡುವಾಯ್ತದೆ. ಆ ಕೈಲಿ ಒಳಕ್ಕೆ ಮಾಲು ಇಕ್ತೀವಿ. ಅಂಗೇ ಸಾರ್ ಟಾರ್ಗೆಟ್ ಬರೋದು."

"ಯಾವ ಕೈ?"

"ಈಗ ನೀವು ಮುಂದಕ್ ಚಾಚಿದ್ದೀರಲ್ಲ ಸಾರ್, ಅದೇ ಕೈ."

ಸಾಹೇಬರ ಎಡಗೈ ಮೇಜಿನ ಮೇಲೆ ಬ್ಲಾಕು ಹಿಡಿದುಕೊಂಡೇ ನಿಂತಿತು. ಆಮೇಲೆ ಮೆಲ್ಲಗೆ, ಬಿಸಿಯ ಮೇಲಿಂದ ತೆಗೆದ ಹಾಗೆ, ತೊಡೆಯ ಮೇಲಕ್ಕೆ ಬಂತು. ಅವರು ತಕ್ಷಣ ಬಟ್ಟೆ ಬಿಚ್ಚಲಿಲ್ಲ. ಬಿಚ್ಚಿದ ಮೇಲೂ ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ತಮ್ಮ ಎಡಗೈಯನ್ನೇ ನೋಡಿಕೊಂಡರು. ಡೈರೆಕ್ಟರಿಗೆ ನಾನೇ ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ನಾಲಿಗೆ ಈ ಸಲ ಮೆತ್ತಗಾಗಲಿಲ್ಲ.

ಸಾಹೇಬರು ಎದ್ದು ಪ್ರೆಸ್ ಶಾಪಿಗೆ ನಡೆದರು. ಅವರ ಹಿಂದೆ ಡೈರೆಕ್ಟರ್, ಅವರ ಹಿಂದೆ ನಾವೆಲ್ಲ, ಅಂಥ ಹೊತ್ತಿನಲ್ಲೂ ದರ್ಜೆಯ ಪ್ರಕಾರ. ಮುನಿರಾಜುವಿನ ಪ್ರೆಸ್ಸಿನ ಮುಂದೆ ನಿಂತು, "ಓಡ್ಸಿ ತೋರ್ಸಿ," ಎಂದರು. ಶಾಮರಾಯರು ಅಭ್ಯಾಸಬಲದಿಂದ, "ಬ್ಲಾಕ್ ತರಿಸ್ಲಾ ಸಾರ್?" ಎಂದುಬಿಟ್ಟರು.

ಸಾಹೇಬರು ಶಿಬಿರದಲ್ಲಿ ಕಲಿತದ್ದೆಲ್ಲ ಮರೆತು ಹಳೆಯ ಗಂಟಲಿಗೆ ಮರಳಿದರು. "ತರ್ಸ್ರೀ! ತರಿಸಿ, ನಿಮ್ ಎಡಗೈ ಇಡ್ರೀ ಅದ್ರೊಳಗೆ, ನೋಡೋಣ!"

ಶಾಮರಾಯರು ಇಡಲಿಲ್ಲ. ಆ ಬೈಗುಳದಷ್ಟು ಒಳ್ಳೆಯ ಕಮ್ಯುನಿಕೇಷನ್ನನ್ನು ನಾನು ಆ ಕಾರ್ಖಾನೆಯಲ್ಲಿ ಮತ್ತೆ ಕೇಳಲಿಲ್ಲ.

ಆಮೇಲೆ ಆಗಬೇಕಾದ್ದು ಆಯಿತು. ಗೋಡೆಯ ಮೇಲಿನ ಟಾರ್ಗೆಟ್ ಅಳಿಸಿ ಕೆಳಗಿಳಿಸಿದರು. ಗುಂಡಿಗಳನ್ನು ಬ್ಲಾಕಾಗಲಿ ಬಟ್ಟೆಯಾಗಲಿ ಹೋಗದ ಕಬ್ಬಿಣದ ಗೂಡಿನೊಳಗೆ ಕೂರಿಸಿದರು. ಮುನಿರಾಜುವಿಗೆ ಚಾರ್ಜ್‌ಶೀಟ್ ಬರೆಯಲು ಶಾಮರಾಯರು ನನಗೆ ಹೇಳಿಕಳಿಸಿದರು. ಬರೆಯುತ್ತೇನೆ, ಆದರೆ ಆ ಬ್ಲಾಕುಗಳು ಟ್ರೈನಿಂಗ್ ವಿಭಾಗದ ಸ್ವತ್ತು, ಹೆಚ್ಚು ಮಾಡಿಸಿದ್ದು ಜಿ.ಎಂ. ಸಾಹೇಬರು, ಆದ್ದರಿಂದ ಮೊದಲು ಅವರಿಗೊಂದು, ನನಗೊಂದು ಬರೆದು ಆಮೇಲೆ ಅವನಿಗೆ ಬರೆಯುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ.

ಕೆಂಪು ಗೆರೆ ಹಳೆಯ ಜಾಗಕ್ಕೆ ಇಳಿಯಿತು. ಸ್ವಲ್ಪ ದಿನಕ್ಕೆ ಸಾಹೇಬರು ಶನಿವಾರದ ಆಟಗಳನ್ನು ನಿಲ್ಲಿಸಿ ಒಂದು ಸುತ್ತೋಲೆ ಹೊರಡಿಸಿದರು. ಆಟಗಳಿಂದಾಗಿ ಉತ್ಪಾದನೆ ಕುಸಿದಿದೆ ಎಂದು ಅದರಲ್ಲಿ ಕಾರಣ ಕೊಟ್ಟಿದ್ದರು. ಆಟಗಳ ಬಗ್ಗೆ ನಮ್ಮಲ್ಲಿ ಬರೆದ ಕಾಗದಗಳಲ್ಲೆಲ್ಲ ಪೂರ್ತಿ ನಿಜವಾದದ್ದು ಅದೊಂದೇ. ಅವರ ಕೋಣೆಯಲ್ಲಿ "ಫಸ್ಟ್ ಕ್ಲಾಸ್ ಸಾರ್" ಮತ್ತೆ ಶುರುವಾಯಿತು. ಒಂದು ಮಾತ್ರ ಬದಲಾಗಿತ್ತು. ಆಗೊಮ್ಮೆ ಈಗೊಮ್ಮೆ ಊಟದ ಬಿಡುವಿನಲ್ಲಿ ಸಾಹೇಬರು ಒಬ್ಬರೇ ಬಂದು ಕ್ಯಾರಂ ಬೋರ್ಡಿನ ಪಕ್ಕ ನಿಂತು, ಮುನಿರಾಜು ಕಾಯಿ ಹೊಡೆಯುವುದನ್ನು ನೋಡಿ ಹೋಗುತ್ತಿದ್ದರು.

ನಾನು ನಿವೃತ್ತಳಾದ ದಿನ ಅದೇ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ವರದರಾಜನ್ ಸಾಹೇಬರೂ ಗೌಸ್ ಸಾಹೇಬರೂ ಆ ಹೊತ್ತಿಗೆ ಕೆಲಸ ಬಿಟ್ಟಾಗಿತ್ತು. ಶಾಲು, ಹಾರ, ಗೋಡೆ ಗಡಿಯಾರ, ಭಾಷಣ. ಎಲ್ಲರೂ ಸಾಲಾಗಿ ಬಂದು ಕೈಕುಲುಕಿದರು. ಕೊನೆಗೆ ತಲೆ ನರೆತ ಮುನಿರಾಜು ಬಂದ. ಬಂದವನು ಎಡಗೈ ಚಾಚಿದ.

ಪಕ್ಕದಲ್ಲಿದ್ದ ಹೊಸ ಮ್ಯಾನೇಜರ್ ಗದರಿದರು. "ಏಯ್, ದೊಡ್ಡೋರಿಗೆ ಎಡಗೈ ಕೊಡ್ತಾರೇನೋ? ಬಲಗೈ ಕೊಡು."

"ಬಲಗೈ ಎಲ್ರೂ ಕೊಟ್ರಲ್ಲ ಸಾರ್," ಎಂದ ಮುನಿರಾಜು.

ನಾನು ಹಾರವನ್ನು ಮೇಜಿನ ಮೇಲಿಟ್ಟು ನನ್ನ ಎಡಗೈ ಮುಂದೆ ಮಾಡಿದೆ. ಒರಟಾದ, ಎಣ್ಣೆಯ ವಾಸನೆಯ ಕೈ. ಐದೂ ಬೆರಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದವು.